ತುಕ್ಕು ಎಲ್ಲಿ ಹಿಡಿಯಬೇಕು?

ಡಬ್ಬಿಯಿಂದ ಆಗಷ್ಟೇ ಹೊರತೆಗೆದ ಗೂಡ್ಸ್ ವ್ಯಾಗನ್ನಿನ ಮಾದರಿ ನೋಡಲು ಬಲು ಚೆಂದ. ಅಮೆರಿಕದ ಮಾದರಿ ರೈಲಿನ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಚ್‌ಒ ಅಳತೆಯಲ್ಲಿ ಪ್ರತಿಯೊಂದೂ ಅಸಲಿನ 87ನೇ ಒಂದು ಪಾಲು ಇರುತ್ತದೆ. ಬಾಕ್ಸ್‌ಕಾರ್ ಎಂದರೆ ನಾಲ್ಕೂ ಕಡೆ ಮುಚ್ಚಿದ, ಪಕ್ಕಕ್ಕೆ ಸರಿಯುವ ಬಾಗಿಲಿನ ಸರಕು ವ್ಯಾಗನ್. 50 ಅಡಿಯ ಬಾಕ್ಸ್‌ಕಾರ್ ಇಲ್ಲಿ 17.5 ಸೆಂಟಿಮೀಟರ್ ಆಗುತ್ತದೆ. ಬಾಗಿಲ ಚಿಲಕ, ಏಣಿಯ ಮೆಟ್ಟಿಲು, ಬ್ರೇಕಿನ ಕೊಳವೆ, ಭೂತಗನ್ನಡಿ ಹಿಡಿದರಷ್ಟೇ ಓದಲು ಬರುವ ಅಕ್ಷರಗಳು, ಯಾವುದಕ್ಕೂ ಕೊರತೆಯಿಲ್ಲ. ಆದರೂ ಹಳಿಯ ಮೇಲಿಟ್ಟ ಕೂಡಲೇ ಅದು ಆಟಿಕೆಯೆಂದು ಕಣ್ಣು ಹೇಳಿಬಿಡುತ್ತದೆ.

ಅಳತೆ ಸರಿಯಿದ್ದರೆ ತಪ್ಪಿರುವುದು ಎಲ್ಲಿ?

ಮೊದಲ ತಪ್ಪು ಬೆಳಕಿನದು. ವ್ಯಾಗನ್ನನ್ನು 87 ಪಟ್ಟು ಕುಗ್ಗಿಸಬಹುದು, ಅದರ ಮೇಲೆ ಬೀಳುವ ಬೆಳಕನ್ನು ಕುಗ್ಗಿಸಲಾಗದು. ಮೇಜಿನ ಮೇಲಿನ ಮಾದರಿಯನ್ನು 60 ಸೆಂಟಿಮೀಟರ್ ದೂರದಿಂದ ನೋಡುವುದೂ ಒಂದೇ, ನಿಜವಾದ ವ್ಯಾಗನ್ನನ್ನು 52 ಮೀಟರ್ ಆಚೆ ನಿಂತು ನೋಡುವುದೂ ಒಂದೇ. ಅಷ್ಟು ದೂರದಲ್ಲಿ ತಗಡಿನ ಉಬ್ಬುತಗ್ಗು, ಗೀರು, ಧೂಳು ಎಲ್ಲ ಸೇರಿ ಬೆಳಕನ್ನು ಚೆದುರಿಸಿರುತ್ತವೆ, ಹೊಳಪು ಕಣ್ಣಿಗೆ ಬೀಳುವುದೇ ಇಲ್ಲ. ಮಾದರಿಯ ನುಣುಪು ಪ್ಲಾಸ್ಟಿಕ್ ಮಾತ್ರ ಕೋಣೆಯ ದೀಪವನ್ನು ಕನ್ನಡಿಯಂತೆ ತೋರಿಸಿ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಜೊತೆಗೆ, ನಡುಹಗಲ ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿದ್ದರೆ ಮನೆಯೊಳಗೆ ಇರುವುದು ಕೆಲವು ನೂರು ಲಕ್ಸ್ ಮಾತ್ರ. ಬೆಳಕು ತಗ್ಗಿದಂತೆ ಅದೇ ಬಣ್ಣ ಹೆಚ್ಚು ಕಡುವಾಗಿ, ಮಂಕಾಗಿ ಕಾಣುತ್ತದೆ. ರೈಲ್ವೆಯವರ ಡಬ್ಬಿಯಿಂದಲೇ ಬಣ್ಣ ತಂದು ಮಾದರಿಗೆ ಬಳಿದರೂ ಸರಿಹೋಗದಿರುವುದು ಇದಕ್ಕೇ. ಪಳಗಿದ ಕೈ ಅದಕ್ಕೆ ಒಂದಿಷ್ಟು ಬಿಳಿ ಬೆರೆಸಿ ತಿಳಿಗೊಳಿಸುತ್ತದೆ, ಮೇಲೆ ಹೊಳಪಿಲ್ಲದ ವಾರ್ನಿಶ್ ಸಿಂಪಡಿಸುತ್ತದೆ.

ಎರಡನೆಯ ತಪ್ಪು ಕಾಲದ್ದು. ಸರಕು ವ್ಯಾಗನ್ನು ಬಿಸಿಲು ಮಳೆ ಎನ್ನದೆ ದಶಕಗಟ್ಟಲೆ ಬಯಲಲ್ಲೇ ಬಾಳುತ್ತದೆ. 1974ರ ಜುಲೈ ನಂತರ ತಯಾರಾದ ವ್ಯಾಗನ್ನು 50 ವರ್ಷ ಓಡಬಹುದೆನ್ನುವುದು ಅಮೆರಿಕದ ನಿಯಮ. ಆ ವರ್ಷಗಳಷ್ಟನ್ನೂ ಕೆಲವು ಗಂಟೆಗಳಲ್ಲಿ ಪ್ಲಾಸ್ಟಿಕ್ ಮೇಲೆ ಮೂಡಿಸುವ ಕೆಲಸಕ್ಕೆ ಹವ್ಯಾಸಿಗಳು ಇಟ್ಟ ಹೆಸರು ವೆದರಿಂಗ್. ಕನ್ನಡದಲ್ಲಿ ಹಳತಾಗಿಸುವುದು ಎಂದರೆ ಅರ್ಥ ಕೂಡುತ್ತದೆ.

ಈ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡ ಮೊದಲಿಗರಲ್ಲಿ ಒಬ್ಬರು ಜಾನ್ ಅಲೆನ್. ಕ್ಯಾಲಿಫೋರ್ನಿಯಾದ ಮಾಂಟೆರೆ ಪಟ್ಟಣದಲ್ಲಿದ್ದ ಅವರ ಕಸುಬು ಛಾಯಾಗ್ರಹಣ. ಬೆಳಕು ಏನು ಮಾಡುತ್ತದೆ ಎನ್ನುವುದು ಅವರಿಗೆ ಕಸುಬಿನಿಂದಲೇ ಗೊತ್ತಿತ್ತು. ಉಳಿದವರು ತಮ್ಮ ಎಂಜಿನ್ನುಗಳನ್ನು ಒರೆಸಿ ಮಿನುಗಿಸಿ ಇಡುತ್ತಿದ್ದ ಕಾಲದಲ್ಲಿ ಅವರು ಮನೆಯ ನೆಲಮಾಳಿಗೆಯಲ್ಲಿ ಮಸಿ ಹಿಡಿದ, ಮಾಸಿದ, ಬಣ್ಣ ಕಿತ್ತ ಒಂದು ಕಾಲ್ಪನಿಕ ರೈಲುಮಾರ್ಗ ಕಟ್ಟಿದರು. ಗಾರಿ ಆಂಡ್ ಡಿಫೀಟೆಡ್ ಎಂಬ ಆ ಮಾರ್ಗದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ, ನಿಜವಾದ ರೈಲಿನ ಫೋಟೊ ನೋಡಿದಂತೆ ಓದುಗರು ಬೆರಗಾದರು. 1973ರ ಜನವರಿ 6ರಂದು ಅಲೆನ್ ತೀರಿಕೊಂಡರು. ಹತ್ತೇ ದಿನಕ್ಕೆ ಆ ಮನೆಗೆ ಬೆಂಕಿ ಬಿದ್ದು ರೈಲುಮಾರ್ಗದ ಬಹುಭಾಗ ನಾಶವಾಯಿತು. ಫೋಟೊಗಳು ಉಳಿದವು. ಅವುಗಳನ್ನು ನೋಡಿ ಕಲಿತವರು ಇಂದಿಗೂ ಇದ್ದಾರೆ.

ಅಲೆನ್ ತರದವರಿಂದ ಕಲಿಯಬೇಕಾದ ದೊಡ್ಡ ಪಾಠ ಬಣ್ಣ ಬೆರೆಸುವುದಲ್ಲ, ಕಾರಣ ಹುಡುಕುವುದು. ವ್ಯಾಗನ್ನಿನ ಮೇಲೆ ಕಾರಣವಿಲ್ಲದ ಕಲೆ ಒಂದೂ ಇರುವುದಿಲ್ಲ. ಮಳೆನೀರು ಇಳಿದ ಗೆರೆಯನ್ನೇ ನೋಡಿ. ಓಡುವ ಗಾಡಿಯ ಮೇಲೆ ನೀರು ಓರೆಯಾಗಿ ಹರಿಯಬೇಕಲ್ಲವೇ ಎಂದುಕೊಂಡು ಹೊಸಬರು ಓರೆ ಗೆರೆ ಎಳೆಯುತ್ತಾರೆ. ಆದರೆ ಸರಕು ವ್ಯಾಗನ್ನು ಆಯುಷ್ಯದ ಬಹುಪಾಲನ್ನು ಯಾರ್ಡಿನಲ್ಲಿ, ಕಾರ್ಖಾನೆಯ ಪಕ್ಕದ ಹಳಿಯಲ್ಲಿ ನಿಂತೇ ಕಳೆಯುತ್ತದೆ. ನೀರು ನೇರವಾಗಿ ಇಳಿಯುತ್ತದೆ, ಗೆರೆಯೂ ನೇರ.

ಇನ್ನು ವ್ಯಾಗನ್ನಿನ ಹಿಂಬದಿ, ಮುಂಬದಿಯ ಗೋಡೆಗಳು. ಅಲ್ಲಿ ಎರಡು ಕಂದು ಪಟ್ಟೆಗಳು ಕೆಳಗಿನಿಂದ ಮೇಲಕ್ಕೆ ಎದ್ದಿರುತ್ತವೆ, ಹಳಿಗಳೆರಡರ ಮೇಲೇ ಗುರಿಯಿಟ್ಟು ಎಳೆದಂತೆ. ಪಕ್ಕದ ವ್ಯಾಗನ್ನಿನ ಚಕ್ರಗಳು ಒದ್ದೆ ಹಳಿಯಿಂದ ಎರಚಿದ ಕೆಸರು ಅದು. ಈ ಎರಡು ಪಟ್ಟೆ ಹಾಕಿದರೆ ಸಾಕು, ಮಾದರಿ ಎಲ್ಲೋ ಓಡಿ ಬಂದಿದೆ ಎಂಬ ನಂಬಿಕೆ ಹುಟ್ಟುತ್ತದೆ. ಅರ್ಧ ನಿಮಿಷದ ಕೆಲಸ, ಬಹುಮಂದಿ ಮರೆಯುವ ಕೆಲಸ.

ಚಕ್ರಗಳಿಗೂ ಇತಿಹಾಸವಿದೆ. ಹಳೆಯ ವ್ಯಾಗನ್ನುಗಳಲ್ಲಿ ಅಚ್ಚಿನ ತುದಿ ತಿರುಗುತ್ತಿದ್ದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ನೂಲು ತುಂಬಿರುತ್ತಿತ್ತು. ಎಣ್ಣೆ ಹಿಂದಿನಿಂದ ಒಸರಿ ಚಕ್ರದ ಮುಖಕ್ಕೆ ಚಿಮ್ಮಿ, ಅದಕ್ಕೆ ಧೂಳು ಅಂಟಿ, ಕಪ್ಪು ಜಿಡ್ಡು ಕಟ್ಟುತ್ತಿತ್ತು. 1960ರ ದಶಕದ ನಂತರದ ಹೊಸ ವ್ಯಾಗನ್ನುಗಳಿಗೆ ಮುಚ್ಚಿದ ರೋಲರ್ ಬೇರಿಂಗ್ ಬಂತು, ಎಣ್ಣೆ ಸೋರುವುದು ನಿಂತಿತು, ಚಕ್ರದ ಮುಖ ಒಣ ತುಕ್ಕಿನ ಬಣ್ಣಕ್ಕೆ ತಿರುಗಿತು. ಹಳಿಗೆ ತಾಗುವ ಅಂಚು ಮಾತ್ರ ಎರಡರಲ್ಲೂ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತದೆ. ಹೊಸ ಬೇರಿಂಗಿನ ವ್ಯಾಗನ್ನಿಗೆ ಜಿಡ್ಡು ಚಕ್ರ ಹಾಕಿದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅದು ಸುಳ್ಳು.

ಈಗ ತುಕ್ಕಿಗೆ ಬರೋಣ. ಕೇಂಬ್ರಿಜ್ ವಿಶ್ವವಿದ್ಯಾಲಯದ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ಮಾಡಿ ತೋರಿಸಿದ ಒಂದು ಸರಳ ಪ್ರಯೋಗವಿದೆ. ಸ್ವಚ್ಛ ಉಕ್ಕಿನ ಮೇಲೆ ಒಂದು ಹನಿ ಉಪ್ಪುನೀರು ಇಟ್ಟರೆ ಕಬ್ಬಿಣ ಕರಗುವುದು ಹನಿಯ ನಡುವಿನಲ್ಲಿ, ಅಂಚಿನಲ್ಲಲ್ಲ. ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ಅಸಮಾನತೆಯಿಂದಲೇ ಪುಟ್ಟದೊಂದು ವಿದ್ಯುತ್ ಕೋಶ ಹುಟ್ಟಿ, ನಡುವಿನ ಕಬ್ಬಿಣ ಕರಗಿ, ಅಂಚಿನ ಕಡೆ ಸಾಗುವ ದಾರಿಯಲ್ಲಿ ತುಕ್ಕಾಗಿ ಉಂಗುರ ಕಟ್ಟುತ್ತದೆ. ವ್ಯಾಗನ್ನಿನ ಪಕ್ಕದಲ್ಲಿ ಬಣ್ಣ ಒಂದು ಕಡೆ ಗೀರಿಹೋದರೆ ಅಲ್ಲೂ ಇದೇ ಕತೆ. ಗೀರು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಪಕ್ಕದ ಬಣ್ಣವನ್ನು ಕೆಳಗಿನಿಂದ ಎತ್ತಿ ಗುಳ್ಳೆ ಏಳಿಸುತ್ತದೆ. ಗುಳ್ಳೆ ಒಡೆದರೆ ಮತ್ತೊಂದಿಷ್ಟು ಉಕ್ಕು ಬೆತ್ತಲಾಗುತ್ತದೆ. ಹೊಸ ತುಕ್ಕು ಕಿತ್ತಳೆ, ಹಳೆಯದು ಕಡುಗಂದು. ಆದ್ದರಿಂದ ಒಂದು ತುಕ್ಕಿನ ಮಚ್ಚೆಯ ನಡು ಕಡುವಾಗಿ, ಅದರ ಸುತ್ತ ತಿಳಿಕಿತ್ತಳೆಯ ಪ್ರಭೆ ಇದ್ದು, ಕೆಳಕ್ಕೆ ಒಂದು ತೆಳು ಗೆರೆ ಇಳಿದಿರುತ್ತದೆ. ಮಾದರಿಯವರು ಮೊದಲು ಸ್ಪಂಜಿನ ಚೂರಿನಿಂದ ತಿಳಿಬಣ್ಣ ಒತ್ತಿ, ಅದರೊಳಗೆ ಸ್ವಲ್ಪ ಚಿಕ್ಕದಾಗಿ ಕಡುಬಣ್ಣ ಒತ್ತುತ್ತಾರೆ. ಕೆಳಗಿನ ಗೆರೆಗೆ ಬರ್ಂಟ್ ಸಿಯೆನಾ ಎಂಬ ತೈಲವರ್ಣದ ಚುಕ್ಕೆಯಿಟ್ಟು, ಟರ್ಪೆಂಟೈನಿನಂಥ ದ್ರಾವಕದಲ್ಲಿ ಅದ್ದಿ ಒರೆಸಿದ ಕುಂಚದಿಂದ ಕೆಳಮುಖವಾಗಿ ಒಮ್ಮೆ ಎಳೆಯುತ್ತಾರೆ. ತೈಲವರ್ಣ ನಿಧಾನ ಒಣಗುವುದರಿಂದ ತಪ್ಪಿದರೆ ಒರೆಸಿ ಮತ್ತೆ ಎಳೆಯಬಹುದು.

ಆ ಬರ್ಂಟ್ ಸಿಯೆನಾ ಬಣ್ಣವೇ ತುಕ್ಕು ಎನ್ನುವುದು ಖುಷಿ ಕೊಡುವ ಸಂಗತಿ. ಇಟಲಿಯ ಸಿಯೆನಾ ಊರಿನ ಹೆಸರು ಹೊತ್ತ ಹಳದಿ ಮಣ್ಣಿನಲ್ಲಿ ಗೋಥೈಟ್ ಎಂಬ ಕಬ್ಬಿಣದ ಖನಿಜವಿದೆ. ತುಕ್ಕಿನಲ್ಲಿರುವುದೂ ಅದೇ ಖನಿಜ. ಆ ಮಣ್ಣನ್ನು ಹುರಿದರೆ ನೀರಿನಂಶ ಹೋಗಿ ಹೆಮಟೈಟ್ ಆಗಿ ಕೆಂಪೇರುತ್ತದೆ. ನಮ್ಮ ಹಳ್ಳಿಮನೆಗಳ ಗೋಡೆಗೆ, ಕಟ್ಟೆಗೆ ಬಳಿಯುವ ಜಾಜು ಇದೇ ವಂಶದ್ದು. ಸಂಡೂರು ಹೊಸಪೇಟೆ ಕಡೆಯ ಅದಿರಿನ ವ್ಯಾಗನ್ನುಗಳನ್ನು ಕೆಂಪಗೆ ಮಾಡುವ ಧೂಳೂ ಇದೇ ಹೆಮಟೈಟ್. ಅಮೆರಿಕದ ರೈಲ್ವೆಗಳು ತಲೆಮಾರುಗಟ್ಟಲೆ ಬಾಕ್ಸ್‌ಕಾರುಗಳಿಗೆ ಕಂದುಗೆಂಪು ಬಳಿದದ್ದೂ ಇದರಿಂದಲೇ. ಕಬ್ಬಿಣದ ಆಕ್ಸೈಡ್ ಅಗ್ಗ, ಬಿಸಿಲಿಗೆ ಬಣ್ಣಗೆಡುವುದಿಲ್ಲ. ತುಕ್ಕು ಹಿಡಿಯದಿರಲೆಂದು ಬಳಿದ ಬಣ್ಣದ ಪುಡಿಯೂ ರಾಸಾಯನಿಕವಾಗಿ ತುಕ್ಕಿನ ಹತ್ತಿರದ ನೆಂಟನೇ.

ಎಲ್ಲಕ್ಕಿಂತ ಸ್ವಾರಸ್ಯವಿರುವುದು ವ್ಯಾಗನ್ನಿನ ಛಾವಣಿಯಲ್ಲಿ. ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ಅದು ಕಾಣದು, ಆದರೆ ಮಾದರಿಯನ್ನು ನಾವು ಮೇಲಿನಿಂದಲೇ ನೋಡುತ್ತೇವೆ. ಬಾಕ್ಸ್‌ಕಾರಿನ ಛಾವಣಿಗೆ ಬಹಳ ಕಡೆ ಸತು ಲೇಪಿಸಿದ ತಗಡು ಹಾಕುತ್ತಿದ್ದರು. ಅದರ ಮೇಲೆ ಎಣ್ಣೆ ಆಧಾರದ ಬಣ್ಣ ಬಳಿದರೆ ಕೆಲವು ವರ್ಷಗಳಲ್ಲಿ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಬಣ್ಣದ ಎಣ್ಣೆಯಲ್ಲಿರುವ ಕೊಬ್ಬಿನ ಆಮ್ಲಗಳು ತೇವದ ನೆರವಿನಿಂದ ಸತುವಿನ ಜೊತೆ ಕೂಡಿ ಸತುವಿನ ಸಾಬೂನು ಆಗುತ್ತವೆ. ಬಣ್ಣಕ್ಕೂ ತಗಡಿಗೂ ನಡುವೆ ಸಾಬೂನಿನ ಪದರ ಬಂದ ಮೇಲೆ ಹಿಡಿತ ಎಲ್ಲಿಯದು? ಗಾಳಿ ಬಿಸಿಲು ಉಳಿದ ಕೆಲಸ ಮುಗಿಸುತ್ತವೆ. ಕೆಳಗೆ ಮಾಸಿದ ಬೂದು ತಗಡು, ಮೇಲೆ ಅಲ್ಲಲ್ಲಿ ನಕಾಶೆಯ ದ್ವೀಪಗಳಂತೆ ಉಳಿದ ಕಂದುಗೆಂಪು ಚಕ್ಕೆಗಳು. ಸತುವು ಸವೆದ ಕಡೆ, ಅದರಲ್ಲೂ ತಗಡುಗಳು ಸೇರುವ ಜೋಡಿನಲ್ಲಿ ಮಾತ್ರ ತುಕ್ಕು.

ಇದನ್ನು ಕುಂಚದಿಂದ ಚುಕ್ಕೆ ಚುಕ್ಕೆಯಾಗಿ ಬರೆಯಲು ಹೊರಟವರು ಸೋಲುತ್ತಾರೆ. ಗೆಲ್ಲುವ ದಾರಿ ಬೇರೆ. ಮೊದಲು ಛಾವಣಿಗೆ ತಗಡಿನ ಬೂದುಬಣ್ಣ ಹಚ್ಚಿ ಪೂರ್ತಿ ಒಣಗಿಸುತ್ತಾರೆ. ಅದರ ಮೇಲೆ ಕೂದಲಿಗೆ ಹಾಕುವ ಹೇರ್‌ಸ್ಪ್ರೇ ಸಿಂಪಡಿಸುತ್ತಾರೆ. ಅದು ಒಣಗಿದ ಮೇಲೆ ತೆಳುವಾಗಿ ಕಂದುಗೆಂಪು ಅಕ್ರಿಲಿಕ್ ಬಣ್ಣ. ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ಅದ್ದಿದ ಗಡಸು ಕುಂಚದಿಂದ ಮೆಲ್ಲನೆ ತಟ್ಟಿದರೆ ನೀರು ಬಣ್ಣದ ಸೂಕ್ಷ್ಮ ರಂಧ್ರಗಳಿಂದ ಒಳಗಿಳಿದು ಹೇರ್‌ಸ್ಪ್ರೇಯನ್ನು ಕರಗಿಸುತ್ತದೆ. ಕಾಲು ಬಿಟ್ಟ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದುಬರುತ್ತದೆ, ಆ ಚಕ್ಕೆಗಳ ಅಂಚು ಯಾವ ಚಿತ್ರಕಾರನ ಕೈಗೂ ಸಿಗದಷ್ಟು ಸಹಜ. ಅಲ್ಲಿ ಸತುವಿನ ಸಾಬೂನು, ಇಲ್ಲಿ ಹೇರ್‌ಸ್ಪ್ರೇ. ಎರಡೂ ಕಡೆ ನಡೆದದ್ದು ಬಣ್ಣದ ಅಡಿಯ ಪದರ ಕೈಕೊಟ್ಟದ್ದೇ. ರೂಪವನ್ನು ನಕಲು ಮಾಡದೆ, ರೂಪ ಹುಟ್ಟಿಸಿದ ಕ್ರಿಯೆಯನ್ನೇ ನಕಲು ಮಾಡಿದ್ದರಿಂದ ಇದು ನಂಬಿಕೆ ಹುಟ್ಟಿಸುತ್ತದೆ.

ಎಲ್ಲ ಕ್ರಿಯೆಗಳೂ ಹೀಗೆ ಮಾದರಿಗೆ ಒಗ್ಗುವುದಿಲ್ಲ. ನೀರು ಕುಗ್ಗುವುದಿಲ್ಲ. ಅದರ ಮೇಲ್ಮೈ ಸೆಳೆತ ದೊಡ್ಡ ವ್ಯಾಗನ್ನಿಗೂ ಪುಟ್ಟ ವ್ಯಾಗನ್ನಿಗೂ ಒಂದೇ. ತಗಡಿನ ಸಂದುಗಳಲ್ಲಿ ನೆರಳು ಕಾಣಲೆಂದು ಹವ್ಯಾಸಿಗಳು ಕಪ್ಪು ಶಾಯಿಯನ್ನು ತೀರ ತೆಳುಮಾಡಿ ಮೈಮೇಲೆ ಹರಿಸುತ್ತಾರೆ. ಬರಿಯ ನೀರಿನಲ್ಲಿ ಬೆರೆಸಿದರೆ ಅದು ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗಾಗಿ ನಿಲ್ಲುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನ ಮೇಲ್ಮೈ ಸೆಳೆತ ನೀರಿನದರ ಮೂರನೇ ಒಂದರಷ್ಟೇ ಇರುವುದರಿಂದ, ಅದರಲ್ಲಿ ಬೆರೆಸಿದ ಶಾಯಿ ಸಲೀಸಾಗಿ ಹರಡಿ ಮೂಲೆಮೂಲೆಗೆ ಸರಿದು ಕೂರುತ್ತದೆ. ಹೆಚ್ಚಾಗಿ ಸುರಿದರೆ ಮಾತ್ರ ಒಣಗುವಾಗ ಸುತ್ತ ಕಪ್ಪು ಅಂಚು ಮೂಡುತ್ತದೆ. ಕಾಫಿ ಲೋಟ ಇಟ್ಟ ಜಾಗದಲ್ಲಿ ಬೀಳುವ ಉಂಗುರದ ಕತೆಯೇ ಇದು. ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆ ಕೊರತೆ ತುಂಬಲು ನಡುವಿನ ದ್ರವ ಅಂಚಿಗೆ ಹರಿಯುತ್ತದೆ, ಜೊತೆಗೆ ಬಣ್ಣದ ಕಣಗಳನ್ನೂ ಒಯ್ಯುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ತೆಳುವಾಗಿ ಹಚ್ಚಿ, ನಿಂತ ದ್ರವವನ್ನು ಒಣ ಕುಂಚದ ತುದಿಯಿಂದ ಹೀರಿಸಬೇಕೆನ್ನುವುದು ಹವ್ಯಾಸಿಗಳಿಗೆ ಅಭ್ಯಾಸಬಲದಿಂದಲೇ ಗೊತ್ತಿತ್ತು.

ಧೂಳಿನ ಕಣವೂ ಕುಗ್ಗುವುದಿಲ್ಲ. ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಕಣ ಮಾದರಿಯ ಮೇಲೆ 8.7 ಮಿಲಿಮೀಟರಿನ ಜಲ್ಲಿಯಾಗಿ ಕಾಣುತ್ತದೆ. ಆದ್ದರಿಂದ ಧೂಳಿಗೆ ಹಿತ್ತಲ ಮಣ್ಣು ಆಗದು. ಚಿತ್ರಕಾರರ ಪೇಸ್ಟಲ್ ಕಡ್ಡಿಗಳನ್ನು ಉಜ್ಜಿ ಹಿಟ್ಟಿಗಿಂತ ನುಣ್ಣಗೆ ಮಾಡಿಕೊಳ್ಳಬೇಕು. ಈ ಪುಡಿ ಹೊಳಪಿಲ್ಲದ ವಾರ್ನಿಶಿನ ತರಕಲು ಮೈಗೆ ಚೆನ್ನಾಗಿ ಕಚ್ಚುತ್ತದೆ. ಅದನ್ನು ಕಾಪಾಡಲೆಂದು ಮೇಲೆ ಮತ್ತೆ ವಾರ್ನಿಶ್ ಹೊಡೆದರೆ ಅರ್ಧ ಧೂಳು ಮಾಯವಾಗುತ್ತದೆ! ಒಣಮಣ್ಣು ತಿಳಿಯಾಗಿ ಕಾಣುವುದು ಕಣಗಳ ನಡುವಿನ ಗಾಳಿ ಬೆಳಕನ್ನು ಚೆದುರಿಸುವುದರಿಂದ. ಆ ಜಾಗವನ್ನು ನೀರೋ ವಾರ್ನಿಶೋ ತುಂಬಿದರೆ ಚೆದುರುವಿಕೆ ತಗ್ಗಿ ಬಣ್ಣ ಕಡುವಾಗುತ್ತದೆ. ಮೊದಲ ಮಳೆಗೆ ಅಂಗಳದ ಮಣ್ಣು ಕಪ್ಪಾಗುವುದೂ ಇದರಿಂದಲೇ. ಗೊತ್ತಿದ್ದವರು ಬೇಕಾದ್ದಕ್ಕಿಂತ ಎರಡರಷ್ಟು ಪುಡಿ ಹಾಕಿ ಆಮೇಲೆ ವಾರ್ನಿಶ್ ಹೊಡೆಯುತ್ತಾರೆ, ಇಲ್ಲವೇ ಕೊನೆಯ ಪುಡಿಯನ್ನು ಹಾಗೆಯೇ ಬಿಟ್ಟು ವ್ಯಾಗನ್ನನ್ನು ಬುಡದಲ್ಲಿ ಹಿಡಿದು ಎತ್ತುತ್ತಾರೆ. ಪುಡಿ ಉಜ್ಜುವಾಗ, ಏರ್‌ಬ್ರಶ್ ಹಿಡಿಯುವಾಗ ಮುಖಕ್ಕೆ ಮಾಸ್ಕ್ ಬೇಕೇ ಬೇಕು.

ಬಿಳಿ ಅಕ್ಷರಗಳು ಮಾಸುವ ಬಗೆ ಬೇರೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಸೂರ್ಯನ ಅತಿನೇರಳೆ ಕಿರಣ ಹೀರಿ, ತನ್ನನ್ನು ಹಿಡಿದಿಟ್ಟ ಅಂಟನ್ನು ತಾನೇ ಮುರಿಯುತ್ತದೆ. ಅಂಟು ಹೋದ ಬಿಳಿ ಪುಡಿ ಸೀಮೆಸುಣ್ಣದಂತೆ ಬೆರಳಿಗೆ ಹತ್ತುತ್ತದೆ, ಮಳೆಗೆ ಕರಗಿದಂತೆ ಕೆಳಗಿಳಿಯುತ್ತದೆ. ಹೀಗಾಗಿ ಹಳೆಯ ಬಾಕ್ಸ್‌ಕಾರಿನ ಪ್ರತಿ ಅಕ್ಷರದ ಕೆಳಗೂ ಒಂದು ಬಿಳಿ ನೆರಳು ಇಳಿದಿರುತ್ತದೆ. 1974ರಲ್ಲಿ ಶುರುವಾದ ರೇಲ್‌ಬಾಕ್ಸ್ ಕಂಪನಿಯ ವ್ಯಾಗನ್ನುಗಳು ಕಡುಹಳದಿ ಮೈ, ಕಪ್ಪು ಬಾಗಿಲಿನಿಂದ ದೂರದಿಂದಲೇ ಗುರುತು ಸಿಗುತ್ತಿದ್ದವು. ದಶಕಗಳ ಬಿಸಿಲಿಗೆ ಆ ಹಳದಿ ತಿಳಿಯಾಗಿ, ತುಕ್ಕಿನ ಕಲೆಯನ್ನು ಎತ್ತಿ ತೋರಿಸುವ ಪರದೆಯಾಯಿತು. ಹಳತಾಗಿಸುವ ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ವ್ಯಾಗನ್ನಿಲ್ಲ.

ತುಕ್ಕೆಂದರೆ ಎಲ್ಲ ಕಡೆ ಒಂದೇ ಎಂದುಕೊಳ್ಳುವಂತೆಯೂ ಇಲ್ಲ. ಯು.ಎಸ್. ಸ್ಟೀಲ್ ಕಂಪನಿ 1933ರಲ್ಲಿ ಪೇಟೆಂಟ್ ಪಡೆದ ಕಾರ್‌ಟೆನ್ ಉಕ್ಕಿನಲ್ಲಿ ಒಂದಿಷ್ಟು ತಾಮ್ರ, ಕ್ರೋಮಿಯಂ, ರಂಜಕ ಇರುತ್ತವೆ. ಅದರ ಮೇಲೆ ಕಟ್ಟುವ ತುಕ್ಕು ದಟ್ಟವಾಗಿ ಕಚ್ಚಿಕೊಂಡು ಒಳಗಿನ ಉಕ್ಕನ್ನು ಕಾಯುತ್ತದೆ. ಇಂದು ಕಟ್ಟಡಗಳಲ್ಲಿ, ಶಿಲ್ಪಗಳಲ್ಲಿ ಕಾಣುವ ಈ ಉಕ್ಕು ಮೊದಲು ಬಳಕೆಗೆ ಬಂದದ್ದು ಕಲ್ಲಿದ್ದಲು ತುಂಬುವ ವ್ಯಾಗನ್ನುಗಳಲ್ಲೇ.

ಯಾವ ವರ್ಷದ ದೃಶ್ಯ ಎನ್ನುವುದನ್ನು ತೀರ್ಮಾನಿಸದೆ ಕುಂಚ ಎತ್ತಬಾರದು. 1948ರ ಅಮೆರಿಕವಾದರೆ ಉಗಿ ಎಂಜಿನ್ನುಗಳ ಮಸಿ ಎಲ್ಲದರ ಮೇಲೂ ಕೂತಿರಬೇಕು, ಕೊಳೆ ಕಪ್ಪುಬೂದು. 1960ರ ಹೊತ್ತಿಗೆ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ ಮುಗಿದಿತ್ತು. 1975ರ ವ್ಯಾಗನ್ನಿನ ಮೇಲೆ ಕಾಣಬೇಕಾದ್ದು ಮಸಿಗಿಂತ ಹೆಚ್ಚಾಗಿ ಬಿಸಿಲು, ಮಣ್ಣು, ತುಕ್ಕು. 1966ರಿಂದ ಹೊಸ ಬಾಕ್ಸ್‌ಕಾರುಗಳ ಛಾವಣಿಯ ಮೇಲೆ ನಡೆದಾಡುವ ಹಲಗೆ ಇರಕೂಡದೆಂದು ನಿಯಮ ಬಂತು. ಹಳೆಯವುಗಳಿಂದಲೂ ಅದನ್ನು ಕಿತ್ತರು.

ಹವ್ಯಾಸಿಗಳು ಮಾಡುವ ದೊಡ್ಡ ತಪ್ಪು ಅತಿಯಾಗಿಸುವುದು. ತುಕ್ಕು ಹಾಕುವ ಕೈಗುಣ ಸಿಕ್ಕಿದ ಮೇಲೆ ಎಲ್ಲ ವ್ಯಾಗನ್ನುಗಳೂ ಗುಜರಿ ಸೇರಬೇಕಾದ ಸ್ಥಿತಿಗೆ ಬರುತ್ತವೆ. ನಿಜವಾದ ಗೂಡ್ಸ್ ರೈಲಿನಲ್ಲಿ ಕಳೆದ ತಿಂಗಳು ಕಾರ್ಖಾನೆಯಿಂದ ಹೊರಬಂದ ವ್ಯಾಗನ್ನೂ ಮೂವತ್ತು ವರ್ಷ ದುಡಿದ ವ್ಯಾಗನ್ನೂ ಪಕ್ಕಪಕ್ಕದಲ್ಲಿರುತ್ತವೆ, ನಡುವಿನವೇ ಹೆಚ್ಚು. ಆ ನಡುವಿನದನ್ನು, ಅಂದರೆ ತುಸು ಮಾಸಿ ತುಸು ಧೂಳು ಹಿಡಿದದ್ದನ್ನು ಸರಿಯಾಗಿ ಮಾಡುವುದೇ ಕಷ್ಟ. ಎದುರಿಗೆ ಒಂದು ನಿಜವಾದ ವ್ಯಾಗನ್ನಿನ ಫೋಟೊ ಇಟ್ಟುಕೊಂಡು, ಅದರಲ್ಲಿ ಇರುವಷ್ಟನ್ನೇ ಮಾಡಿ ನಿಲ್ಲಿಸುವುದು ಒಳ್ಳೆಯ ಕ್ರಮ.

ಕೊಳೆಯನ್ನು ಲೆಕ್ಕಕ್ಕೆ ಇಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ರೈಲ್ವೆಯೇ ಒಂದು ಉದಾಹರಣೆ ಕೊಟ್ಟಿದೆ. ಓಡುವ ಗಾಡಿಯ ವ್ಯಾಗನ್ನುಗಳನ್ನು ಹಳಿಪಕ್ಕದ ಯಂತ್ರವೇ ಗುರುತಿಸಲೆಂದು ಸಿಲ್ವೇನಿಯಾ ಕಂಪನಿಯ ಡೇವಿಡ್ ಕಾಲಿನ್ಸ್ ಕಾರ್‌ಟ್ರಾಕ್ ಎಂಬ ವ್ಯವಸ್ಥೆ ರೂಪಿಸಿದರು. ಬಣ್ಣಬಣ್ಣದ 13 ಅಡ್ಡಪಟ್ಟಿಗಳಿದ್ದ ಒಂದು ಲೇಬಲ್, ಇಂದಿನ ಬಾರ್‌ಕೋಡಿನ ಅಣ್ಣ. 1967ರಲ್ಲಿ ಅಮೆರಿಕದ ರೈಲ್ವೆಗಳ ಒಕ್ಕೂಟ ಅದನ್ನು ಒಪ್ಪಿ ವ್ಯಾಗನ್ನುಗಳಿಗೆಲ್ಲ ಅಂಟಿಸತೊಡಗಿತು. ಲೇಬಲ್ ಮೇಲೆ ಮಣ್ಣು ಕೂತಿತು, ಪೆಟ್ಟು ಬಿತ್ತು, ತೊಳೆಯುವವರಿರಲಿಲ್ಲ. ಕೆಲವೇ ವರ್ಷಗಳಲ್ಲಿ ಐದರಲ್ಲಿ ಒಂದು ಲೇಬಲ್ ಯಂತ್ರದ ಕಣ್ಣಿಗೆ ಕಾಣದಾಯಿತು. 1977ರಲ್ಲಿ ಇಡೀ ವ್ಯವಸ್ಥೆಯನ್ನೇ ಕೈಬಿಟ್ಟರು. ಮುಂದೆ 1990ರ ದಶಕದಲ್ಲಿ ಬಂದ ರೇಡಿಯೊ ಟ್ಯಾಗುಗಳಿಗೆ ಮಣ್ಣಿನ ಅಡ್ಡಿಯಿರಲಿಲ್ಲ. 1970ರ ದಶಕದ ದೃಶ್ಯ ಕಟ್ಟುವ ಹವ್ಯಾಸಿಗಳು ಇಂದು ಉಗುರಿಗಿಂತ ಚಿಕ್ಕದಾದ ಆ ಪಟ್ಟಿಯನ್ನು ಮಾದರಿಯ ಪಕ್ಕಕ್ಕೆ ಅಂಟಿಸಿ, ಅದರ ಮೇಲೆ ಕಂದುಬಣ್ಣದ ತೆಳು ನೀರನ್ನು ಒಮ್ಮೆ ಸವರುತ್ತಾರೆ.